ಸ್ಪಾರ್ಕ್ ಪ್ಲಗ್: ಗ್ಯಾಪ್ ಬದಲಿಸಬೇಕಾ, ಅರ ಉಜ್ಜಬೇಕಾ, ಇರಿಡಿಯಂಗೆ ಹೋಗಬೇಕಾ?

ಗಾಡಿಗೆ ಪಿಕಪ್ ಸಾಲದು ಅನಿಸಿದಾಗ ಬಹಳ ಜನರ ಕಣ್ಣು ಮೊದಲು ಬೀಳುವುದು ಸ್ಪಾರ್ಕ್ ಪ್ಲಗ್ ಮೇಲೆ. ಕೈಗೆ ಸುಲಭವಾಗಿ ಸಿಗುತ್ತದೆ, ಒಂದೇ ಪಾನಾದಲ್ಲಿ ಬಿಚ್ಚಬಹುದು, ಎಂಜಿನ್ನಿನ ಉಳಿದ ಭಾಗಗಳಿಗಿಂತ ಅಗ್ಗ. ಬಿಚ್ಚಿ ಕೈಯಲ್ಲಿ ಹಿಡಿದ ಮೇಲೆ ಶುರುವಾಗುತ್ತದೆ ಗೊಂದಲ. ಒಬ್ಬರು ಇರಿಡಿಯಂ ಲೋಹದ ತುದಿ ಇರುವ ಪ್ಲಗ್ ಹಾಕು ಅನ್ನುತ್ತಾರೆ. ಇನ್ನೊಬ್ಬರು ಗ್ಯಾಪ್, ಅಂದರೆ ಕಿಡಿ ಹಾರುವ ಸಂದು, ದೊಡ್ಡದು ಮಾಡು ಅನ್ನುತ್ತಾರೆ. ಮೂರನೆಯವರು ಅರ ತಗೊಂಡು ತುದಿ ಕತ್ತರಿಸಿಬಿಡು, ಗಾಡಿ ಹಾರುತ್ತದೆ ಅನ್ನುತ್ತಾರೆ. ಎಲ್ಲರೂ ತಮ್ಮ ಗಾಡಿಯಲ್ಲಿ ಕೆಲಸ ಮಾಡಿದೆ ಎಂದೇ ಹೇಳುವುದರಿಂದ ಯಾರ ಮಾತು ಕೇಳಬೇಕೋ ತಿಳಿಯುವುದಿಲ್ಲ.

ಯಾವುದನ್ನು ಆರಿಸಬೇಕು ಎನ್ನುವುದಕ್ಕೆ ಮೊದಲು, ಪ್ಲಗ್‌ನಿಂದ ಎಷ್ಟು ನಿರೀಕ್ಷಿಸಬಹುದು ಎಂದು ನೋಡೋಣ. ಪೆಟ್ರೋಲ್ ಮತ್ತು ಗಾಳಿ ಸರಿಯಾದ ಪ್ರಮಾಣದಲ್ಲಿ ಬೆರೆತಿದ್ದರೆ ಅದನ್ನು ಹೊತ್ತಿಸಲು ಒಂದು ಮಿಲಿಜೂಲ್‌ಗಿಂತಲೂ ಕಡಿಮೆ ಶಕ್ತಿ ಸಾಕು. ಸಾಮಾನ್ಯ ಇಗ್ನಿಷನ್ ವ್ಯವಸ್ಥೆ ಒಂದೊಂದು ಕಿಡಿಗೂ ಹತ್ತಾರು ಮಿಲಿಜೂಲ್ ಕೊಡುತ್ತದೆ. ಅಂದರೆ ಬೇಕಾದ್ದಕ್ಕಿಂತ ಹತ್ತಾರು ಪಟ್ಟು ಜಾಸ್ತಿ ಈಗಾಗಲೇ ಇದೆ. ಒಲೆಗೆ ದಪ್ಪ ಕಡ್ಡಿ ಗೀರಿದ ಮಾತ್ರಕ್ಕೆ ಕಾವು ಹೆಚ್ಚುವುದಿಲ್ಲ, ಕಾವು ಕೊಡುವುದು ಸೌದೆ. ಎಂಜಿನ್‌ನಲ್ಲೂ ಅಷ್ಟೇ, ಶಕ್ತಿ ಬರುವುದು ಇಂಧನದಿಂದ.

ಹಾಗಾದರೆ ಪ್ಲಗ್ ಬದಲಿಸಿದವರಿಗೆ ವ್ಯತ್ಯಾಸ ಕಂಡಿದ್ದು ಸುಳ್ಳಾ? ಸುಳ್ಳಲ್ಲ. ಕೆಲವು ಸಂದರ್ಭಗಳಲ್ಲಿ ಹೊತ್ತಿಸುವುದೇ ಕಷ್ಟ. ಎಂಜಿನ್ ತಣ್ಣಗಿರುವಾಗ, ಐಡಲ್‌ನಲ್ಲಿ (ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ) ಹಳೆಯ ಹೊಗೆ ಸಿಲಿಂಡರ್‌ನಲ್ಲೇ ಉಳಿದಿರುವಾಗ, ಮಿಶ್ರಣ ಲೀನ್ (ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ) ಆಗಿರುವಾಗ, ಟರ್ಬೊ ಗಾಳಿಯನ್ನು ಒತ್ತಿ ತುಂಬುವಾಗ. ಅಲ್ಲಿ ಕೆಲವು ಕಿಡಿಗಳು ತಪ್ಪುತ್ತವೆ, ಕೆಲವು ಹೊತ್ತಿಕೊಂಡರೂ ಬೆಂಕಿ ನಿಧಾನವಾಗಿ ಹರಡುತ್ತದೆ. ಒಳ್ಳೆಯ ಪ್ಲಗ್ ಆ ನಷ್ಟವನ್ನು ಕಡಿಮೆ ಮಾಡುತ್ತದೆ. ಸೋರಿ ಹೋಗುತ್ತಿದ್ದ ಶಕ್ತಿಯನ್ನು ವಾಪಸ್ ಕೊಡುತ್ತದೆ, ಹೊಸದಾಗಿ ಹುಟ್ಟಿಸುವುದಿಲ್ಲ. ನಿಮ್ಮ ಎಂಜಿನ್‌ನಲ್ಲಿ ಏನೂ ಸೋರುತ್ತಿಲ್ಲ ಅಂದರೆ ವಾಪಸ್ ಸಿಗುವುದೂ ಏನಿಲ್ಲ.

ಯಾವುದರ ಮೇಲೆ ಅಳೆಯಬೇಕು

ಮೊದಲ ಪ್ರಶ್ನೆ ಎಂಜಿನ್ ಬಗ್ಗೆ. ಅದು ಕಂಪನಿ ಕೊಟ್ಟ ಹಾಗೇ ಇದೆಯೋ, ಅಥವಾ ಕಂಪ್ರೆಷನ್ ಏರಿಸಿದ್ದೀರೋ, ಟರ್ಬೊ ಒತ್ತಡ ಹೆಚ್ಚಿಸಿದ್ದೀರೋ, ಗ್ಯಾಸ್ ಕಿಟ್ ಹಾಕಿಸಿದ್ದೀರೋ? ಮುಂದಿನ ಅರ್ಧ ತೀರ್ಮಾನ ಇಲ್ಲೇ ಆಗಿಬಿಡುತ್ತದೆ.

ಎರಡನೆಯದು ನಿಮಗೆ ಬೇಕಿರುವುದು ಏನು ಎಂಬುದು. "ಪರ್ಫಾರ್ಮೆನ್ಸ್" ಅಂತ ಎಲ್ಲರೂ ಹೇಳುತ್ತಾರೆ, ಆದರೆ ಒಬ್ಬರಿಗೆ ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗಬೇಕು, ಒಬ್ಬರಿಗೆ ಐಡಲ್‌ನಲ್ಲಿ ನಡುಗಬಾರದು, ಒಬ್ಬರಿಗೆ ಎಕ್ಸಲರೇಟರ್ ಪೂರ್ತಿ ತಿರುವಿದಾಗ ಮಿಸ್ಸಿಂಗ್ (ಕಿಡಿ ತಪ್ಪಿ ಎಂಜಿನ್ ತಡವರಿಸುವುದು) ಬರಬಾರದು, ಇನ್ನೊಬ್ಬರಿಗೆ ಐದಾರು ವರ್ಷ ಪ್ಲಗ್ ಕಡೆ ತಲೆ ಹಾಕಬಾರದು. ಈ ನಾಲ್ಕಕ್ಕೂ ಉತ್ತರ ಒಂದೇ ಅಲ್ಲ.

ಮೂರನೆಯದು, ಎಡವಟ್ಟಾದರೆ ಏನು ಹಾಳಾಗುತ್ತದೆ? ಗ್ಯಾಪ್ ತಪ್ಪಿದರೆ ಮಿಸ್ಸಿಂಗ್ ಬರುತ್ತದೆ, ಬಿಚ್ಚಿ ಸರಿಮಾಡಬಹುದು. ಹೀಟ್ ರೇಂಜ್, ಅಂದರೆ ಪ್ಲಗ್ ಶಾಖ ಹೊರಹಾಕುವ ವೇಗ, ತಪ್ಪಿದರೆ ಪಿಸ್ಟನ್ನೇ ತೂತಾಗಬಹುದು.

ಕೊನೆಯದು ಹಣ. ಇಲ್ಲಿ ಪ್ಲಗ್‌ನ ಬೆಲೆ ಮಾತ್ರ ನೋಡಿದರೆ ಸಾಲದು. ಎಷ್ಟು ಕಿಲೋಮೀಟರ್‌ಗೆ ಬದಲಿಸಬೇಕು, ಬದಲಿಸಲು ಎಷ್ಟು ಕೆಲಸ ಎನ್ನುವುದೂ ಲೆಕ್ಕಕ್ಕೆ ಬರಬೇಕು. ಬೈಕಿನಲ್ಲಿ ಪ್ಲಗ್ ಬಿಚ್ಚುವುದು ಐದು ನಿಮಿಷದ ಕೆಲಸ. ಕೆಲವು ವಿ6 ಕಾರುಗಳಲ್ಲಿ ಹಿಂದಿನ ಸಾಲಿನ ಪ್ಲಗ್ ಮುಟ್ಟಬೇಕಾದರೆ ಇಂಟೇಕ್ ಮ್ಯಾನಿಫೋಲ್ಡನ್ನೇ ಇಳಿಸಬೇಕು.

ಹೊಸದು, ಅದೇ ನಂಬರ್

ಯಾರಿಗೂ ರುಚಿಸದ ಆಯ್ಕೆ ಇದು, ಆದರೆ ಅಳತೆಗೋಲು ಇದೇ ಆಗಬೇಕು. ಕಂಪನಿ ಹೇಳಿದ ನಂಬರಿನ ಹೊಸ ಪ್ಲಗ್, ಗ್ಯಾಪ್ ಒಮ್ಮೆ ಅಳೆದು ಹಾಕಿದ್ದು. ಉಳಿದ ಎಲ್ಲ ಬದಲಾವಣೆಯನ್ನೂ ಇದರ ಜೊತೆಗೇ ಹೋಲಿಸಬೇಕು.

ಜನ ಎಡವುವುದು ಇಲ್ಲೇ. ಹದಿನೈದು ಸಾವಿರ ಕಿಲೋಮೀಟರ್ ಓಡಿ ತುದಿ ದುಂಡಾದ ಸಾದಾ ಪ್ಲಗ್ ಬಿಚ್ಚಿ, ಆ ಜಾಗಕ್ಕೆ ಹೊಸ ಇರಿಡಿಯಂ ಹಾಕುತ್ತಾರೆ. ಗಾಡಿ ಚುರುಕಾಗುತ್ತದೆ. ಹೊಗಳಿಕೆ ಇರಿಡಿಯಂಗೆ ಹೋಗುತ್ತದೆ. ಅದೇ ಜಾಗಕ್ಕೆ ಹೊಸ ಸಾದಾ ಪ್ಲಗ್ ಹಾಕಿದ್ದರೂ ಹೆಚ್ಚೂಕಡಿಮೆ ಅಷ್ಟೇ ಚುರುಕಾಗುತ್ತಿತ್ತು. ಹೊಸದನ್ನು ಹೊಸದರ ಜೊತೆ ಹೋಲಿಸದೆ ಹೇಳಿದ ಯಾವ ಅನುಭವವನ್ನೂ ನಾನು ಪೂರ್ತಿ ನಂಬುವುದಿಲ್ಲ.

ಸಾದಾ ಪ್ಲಗ್‌ಗೆ ಅಂಗಡಿಯಲ್ಲಿ "ಕಾಪರ್" ಅನ್ನುತ್ತಾರೆ. ತಾಮ್ರ ಇರುವುದು ಒಳಗಿನ ತಿರುಳಲ್ಲಿ, ಶಾಖ ಬೇಗ ಹೊರಹೋಗಲಿ ಅಂತ. ಕಿಡಿ ಹಾರುವ ತುದಿ ನಿಕಲ್ ಮಿಶ್ರಲೋಹದ್ದು. ಅಗ್ಗ, ಗ್ಯಾಪ್ ಹೊಂದಿಸಲು ಸುಲಭ. ಆದರೆ ಬೇಗ ಸವೆಯುತ್ತದೆ. ಬೈಕಿನಲ್ಲಿ ಹತ್ತು ಸಾವಿರ ಕಿಲೋಮೀಟರ್ ಆಸುಪಾಸು, ಕಾರಿನಲ್ಲಿ ಇಪ್ಪತ್ತರಿಂದ ನಲವತ್ತು ಸಾವಿರ.

ಗ್ಯಾಪ್: ಚಿಕ್ಕ ಬದಲಾವಣೆ, ದೊಡ್ಡ ಪರಿಣಾಮ

ಪ್ಲಗ್‌ನ ನಡುವೆ ನೆಟ್ಟಗೆ ನಿಂತಿರುವುದು ನಡು ಎಲೆಕ್ಟ್ರೋಡ್. ಅದರ ಮೇಲೆ ಬಾಗಿಕೊಂಡಿರುವುದು ಗ್ರೌಂಡ್ ಎಲೆಕ್ಟ್ರೋಡ್. ಇಲ್ಲಿ ಅದನ್ನು ಕೊಕ್ಕೆ ಅಂತಲೇ ಕರೆಯೋಣ. ಇವೆರಡರ ನಡುವಿನ ಸಂದೇ ಗ್ಯಾಪ್. ಬೈಕುಗಳಲ್ಲಿ ಸಾಮಾನ್ಯವಾಗಿ 0.6ರಿಂದ 0.9 ಮಿ.ಮೀ., ಕಾರುಗಳಲ್ಲಿ 0.7ರಿಂದ 1.1 ಮಿ.ಮೀ.

ಗ್ಯಾಪ್ ದೊಡ್ಡದಾದರೆ ಕಿಡಿ ಉದ್ದವಾಗುತ್ತದೆ, ಜಾಸ್ತಿ ಮಿಶ್ರಣ ಅದರ ಸಂಪರ್ಕಕ್ಕೆ ಬರುತ್ತದೆ. ಮೊದಲು ಹುಟ್ಟುವ ಬೆಂಕಿಯ ಉಂಡೆ ಲೋಹದಿಂದ ಸ್ವಲ್ಪ ದೂರ ಇರುತ್ತದೆ, ಹಾಗಾಗಿ ಅದರ ಶಾಖವನ್ನು ಲೋಹ ಕದಿಯುವುದು ಕಡಿಮೆ. ಐಡಲ್ ನಯವಾಗುತ್ತದೆ, ಲೀನ್ ಮಿಶ್ರಣವೂ ಚೆನ್ನಾಗಿ ಹೊತ್ತಿಕೊಳ್ಳುತ್ತದೆ. ಇಷ್ಟೇ ಕೇಳಿದವರು ಗ್ಯಾಪ್ ಅಗಲಿಸಿಬಿಡುತ್ತಾರೆ.

ಆದರೆ ಅಗಲವಾದ ಸಂದು ದಾಟಲು ಹೆಚ್ಚು ವೋಲ್ಟೇಜ್ ಬೇಕು. ಸಿಲಿಂಡರ್ ಒಳಗಿನ ಒತ್ತಡ ಹೆಚ್ಚಿದಷ್ಟೂ ಇನ್ನೂ ಹೆಚ್ಚು ಬೇಕು. ಹೊರಗೆ ಟೇಬಲ್ ಮೇಲೆ ಇಟ್ಟು ನೋಡಿದಾಗ ನೀಲಿಯಾಗಿ ಚಟಪಟ ಅನ್ನುವ ಕಿಡಿ, ಏರಿನಲ್ಲಿ ಪೂರ್ತಿ ಎಕ್ಸಲರೇಟರ್ ಕೊಟ್ಟಾಗ ಒಳಗೆ ಹಾರದೇ ಹೋಗಬಹುದು. ಕಿಡಿಗೆ ಬೇಕಾದ ವೋಲ್ಟೇಜ್ ಏರಿಸಿಕೊಡುವ ಕಾಯಿಲ್‌ಗೆ ಒಂದು ಮಿತಿ ಇದೆ. ಆ ಮಿತಿ ಮುಟ್ಟಿದರೆ ಕಿಡಿ ತಪ್ಪುತ್ತದೆ, ಅಥವಾ ಪ್ಲಗ್ ಕ್ಯಾಪಿನ ಸಣ್ಣ ಬಿರುಕು ಹುಡುಕಿಕೊಂಡು ಹೊರಗಿನಿಂದಲೇ ಹೆಡ್‌ಗೆ ಹಾರುತ್ತದೆ. ಕಾಯಿಲ್ ಸದಾ ಮಿತಿಯಲ್ಲೇ ದುಡಿದು ಬೇಗ ಸಾಯುತ್ತದೆ.

ಇನ್ನೊಂದು ಸಂಗತಿ ಬಹಳ ಜನರ ಲೆಕ್ಕಕ್ಕೆ ಬರುವುದಿಲ್ಲ. ಸಾದಾ ಪ್ಲಗ್‌ನಲ್ಲಿ ಸವೆತದಿಂದ ಗ್ಯಾಪ್ ತಾನಾಗಿಯೇ ಬೆಳೆಯುತ್ತದೆ, ಹತ್ತು ಸಾವಿರ ಕಿಲೋಮೀಟರ್‌ಗೆ ಸುಮಾರು 0.1 ಮಿ.ಮೀ. ಇವತ್ತು ನೀವು 0.1 ಅಗಲಿಸಿದರೆ, ಆಮೇಲೆ ಸವೆತ ಇನ್ನೊಂದು 0.1 ಸೇರಿಸುತ್ತದೆ. ಹಾಕಿದ ದಿನ ಚೆನ್ನಾಗಿದ್ದ ಗಾಡಿ ಕೆಲವು ತಿಂಗಳ ನಂತರ ಮಿಸ್ಸಿಂಗ್ ಹೊಡೆಯುವುದು ಹೀಗೆ.

ಕಂಪನಿ ಕೊಟ್ಟ ಹಾಗೇ ಇರುವ ಎಂಜಿನ್‌ಗೆ ನನ್ನ ಸಲಹೆ ಇಷ್ಟು. ಪುಸ್ತಕದಲ್ಲಿ 0.8–0.9 ಅಂತಿದ್ದರೆ ಆ ಮಿತಿಯೊಳಗೇ ಆಡಿ. ಐಡಲ್ ನಯವಾಗಬೇಕೇ, 0.9 ಇಡಿ. ಬಹಳ ದಿನ ಮುಟ್ಟದೆ ಓಡಿಸಬೇಕೇ, 0.8 ಇಡಿ. ಮಿತಿ ದಾಟಬೇಕೆಂದರೆ ಮೊದಲು ಶಕ್ತಿಯುತ ಕಾಯಿಲ್ ಇರಬೇಕು. ಟರ್ಬೊ ಒತ್ತಡ ಏರಿಸಿದ್ದರೆ ಕೆಲಸ ಉಲ್ಟಾ. ಗ್ಯಾಪ್ ಕಡಿಮೆ ಮಾಡಬೇಕು, 0.6–0.7ರವರೆಗೂ ಇಳಿಸುವವರಿದ್ದಾರೆ. ಗ್ಯಾಸ್‌ನಲ್ಲಿ ಓಡುವ ಎಂಜಿನ್‌ಗಳೂ ಪೆಟ್ರೋಲ್‌ಗಿಂತ ಹೆಚ್ಚು ವೋಲ್ಟೇಜ್ ಕೇಳುತ್ತವೆ, ಅಲ್ಲೂ ಗ್ಯಾಪ್ ಸ್ವಲ್ಪ ಇಳಿಸುವುದೇ ರೂಢಿ.

ಅಳೆಯಲು ತಂತಿಯ ಗೇಜ್ ಬಳಸಿ. ನಾಣ್ಯದ ಆಕಾರದ ಇಳಿಜಾರು ಗೇಜ್ ಇರಿಡಿಯಂ ತುದಿಗೆ ಶತ್ರು, ನಡು ತುದಿಯ ಮೇಲೆ ಸನ್ನೆ ಹಾಕಿ ಮುರಿದೇಬಿಡುತ್ತದೆ. ಬಗ್ಗಿಸುವುದಾದರೆ ಕೊಕ್ಕೆಯನ್ನು ಮಾತ್ರ ಬಗ್ಗಿಸಿ, ನಡು ಎಲೆಕ್ಟ್ರೋಡ್ ಮುಟ್ಟಬೇಡಿ.

ಇರಿಡಿಯಂ, ಪ್ಲಾಟಿನಂ

ಇವುಗಳ ಗುಟ್ಟು ಲೋಹ ಶಾಖ ತಡೆಯುವುದರಲ್ಲಿದೆ. ನಿಕಲ್ 1,455 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಪ್ಲಾಟಿನಂ 1,768ರಲ್ಲಿ, ಇರಿಡಿಯಂ ಸುಮಾರು 2,450ರಲ್ಲಿ. ಅಷ್ಟು ತಡೆಯುವ ಲೋಹ ಆದ್ದರಿಂದ ತುದಿಯನ್ನು ತೀರಾ ತೆಳ್ಳಗೆ ಮಾಡಬಹುದು. ಸಾದಾ ಪ್ಲಗ್‌ನ ನಡು ಎಲೆಕ್ಟ್ರೋಡ್ ಸುಮಾರು 2.5 ಮಿ.ಮೀ. ದಪ್ಪ. ಪ್ಲಗ್ ಕಂಪನಿಗಳಾದ ಎನ್‌ಜಿಕೆಯ ಇರಿಡಿಯಂ ಐಎಕ್ಸ್‌ನಲ್ಲಿ 0.6 ಮಿ.ಮೀ., ಡೆನ್ಸೊದ ಇರಿಡಿಯಂ ಪವರ್‌ನಲ್ಲಿ 0.4 ಮಿ.ಮೀ. ವಿದ್ಯುತ್ತು ಚೂಪು ತುದಿಯಿಂದ ಸುಲಭವಾಗಿ ಹಾರುತ್ತದೆ, ಹಾಗಾಗಿ ವೋಲ್ಟೇಜ್ ಕಡಿಮೆ ಸಾಕು. ಬೆಂಕಿಯ ಉಂಡೆಯಿಂದ ಶಾಖ ಕದಿಯುವ ಲೋಹವೂ ಕಡಿಮೆ.

ಇದರ ಲಾಭ ಕಾಣುವುದು ಎಲ್ಲಿ? ಕಾಯಿಲ್ ಬಡವಾಗಿರುವ ಕಡೆ, ಬ್ಯಾಟರಿ ಇಳಿದಿರುವಾಗ, ತಣ್ಣನೆಯ ಸ್ಟಾರ್ಟ್‌ನಲ್ಲಿ, ಟರ್ಬೊ ಮತ್ತು ಗ್ಯಾಸ್ ಎಂಜಿನ್‌ಗಳಲ್ಲಿ. ಸಾದಾ ಎಂಜಿನ್‌ನ ಗರಿಷ್ಠ ಶಕ್ತಿ ಮಾತ್ರ ಹೊಸ ನಿಕಲ್ ಪ್ಲಗ್‌ನ ಪಕ್ಕ ಇಟ್ಟರೆ ಹೇಳಿಕೊಳ್ಳುವಷ್ಟು ಏರುವುದಿಲ್ಲ. ಡೈನೋ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಮೇಲೆ ಒಂದೇ ಗಾಡಿಯನ್ನು ಎರಡು ಸಲ ಓಡಿಸಿದರೇ ಶೇಕಡಾ ಒಂದೆರಡರಷ್ಟು ಹೆಚ್ಚುಕಡಿಮೆ ಬರುತ್ತದೆ. ಪ್ಲಗ್‌ನ ಲಾಭ ಆ ವ್ಯತ್ಯಾಸದೊಳಗೇ ಮುಳುಗಿಹೋಗುತ್ತದೆ.

ಬಾಳಿಕೆಯ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಪೆಟ್ಟಿಗೆ ಮೇಲೆ ಇರಿಡಿಯಂ ಅಂತ ಬರೆದ ಮಾತ್ರಕ್ಕೆ ಒಂದು ಲಕ್ಷ ಕಿಲೋಮೀಟರ್ ಬರುವುದಿಲ್ಲ. ನಡು ತುದಿ ಮಾತ್ರ ಇರಿಡಿಯಂ ಆಗಿ, ಕೊಕ್ಕೆ ಸಾದಾ ನಿಕಲ್ ಆಗಿದ್ದರೆ ಕೊಕ್ಕೆ ಮೊದಲು ಸವೆಯುತ್ತದೆ. ಕೊಕ್ಕೆಯಲ್ಲೂ ಪ್ಲಾಟಿನಂ ಚುಕ್ಕೆ ಬೆಸೆದಿದ್ದರೆ ಮಾತ್ರ ಆ ದೀರ್ಘ ಬಾಳಿಕೆ. ಒಂದು ಕಾಯಿಲ್ ಎರಡು ಪ್ಲಗ್‌ಗೆ ಒಟ್ಟಿಗೇ ಕಿಡಿ ಕೊಡುವ ವ್ಯವಸ್ಥೆಯಲ್ಲಿ ಇದು ಇನ್ನೂ ಮುಖ್ಯ. ಅಲ್ಲಿ ಒಂದು ಪ್ಲಗ್‌ನಲ್ಲಿ ಕಿಡಿ ಉಲ್ಟಾ, ಅಂದರೆ ಕೊಕ್ಕೆಯಿಂದ ನಡುವಿಗೆ ಹಾರುತ್ತದೆ, ಕೊಕ್ಕೆಯೇ ಜಾಸ್ತಿ ಸವೆಯುತ್ತದೆ.

ಕಂಪನಿಯೇ ಇರಿಡಿಯಂ ಹಾಕಿ ಕೊಟ್ಟಿದ್ದರೆ ಅದನ್ನು ಬಿಟ್ಟು ಅಗ್ಗದ ನಿಕಲ್‌ಗೆ ಇಳಿಯಬೇಡಿ. ಬದಲಿಸುವ ಅವಧಿ, ಕಾಯಿಲ್‌ನ ಲೆಕ್ಕ ಎಲ್ಲವೂ ಅದಕ್ಕೇ ಹೊಂದಿಸಿರುತ್ತಾರೆ. ಕಂಪನಿ ನಿಕಲ್ ಕೊಟ್ಟಿದ್ದು, ಪ್ಲಗ್ ಸುಲಭವಾಗಿ ಬಿಚ್ಚುವ ಜಾಗದಲ್ಲಿದ್ದರೆ, ಸಮಯಕ್ಕೆ ಸರಿಯಾಗಿ ನಿಕಲ್ ಬದಲಿಸುವುದೇ ಅಗ್ಗ. ಬಿಚ್ಚುವ ಕೂಲಿಯೇ ಪ್ಲಗ್‌ಗಿಂತ ಜಾಸ್ತಿ ಎನ್ನುವ ಗಾಡಿಯಲ್ಲಿ ಇರಿಡಿಯಂ ದುಬಾರಿಯಲ್ಲ. ಪ್ಲಾಟಿನಂ ಇವೆರಡರ ಮಧ್ಯ. ನಿಮ್ಮ ಗಾಡಿಗೆ ಕಂಪನಿ ಅದನ್ನೇ ಹೇಳಿದ್ದರೆ ಹಾಕಿ, ಇಲ್ಲದಿದ್ದರೆ ಅದನ್ನು ಹುಡುಕಿಕೊಂಡು ಹೋಗಲು ವಿಶೇಷ ಕಾರಣ ಕಾಣುವುದಿಲ್ಲ.

ಎರಡು, ಮೂರು, ನಾಲ್ಕು ಕೊಕ್ಕೆಯ ಪ್ಲಗ್‌ಗಳ ಬಗ್ಗೆ ಎರಡೇ ಮಾತು. ನಾಲ್ಕು ಕೊಕ್ಕೆ ಇದ್ದರೆ ನಾಲ್ಕು ಕಿಡಿ ಹಾರುವುದಿಲ್ಲ, ಒಂದು ಸಲಕ್ಕೆ ಒಂದೇ. ಸವೆತ ಹಂಚಿಹೋಗಿ ಬಾಳಿಕೆ ಬರುತ್ತದೆ, ಶಕ್ತಿಗೂ ಅದಕ್ಕೂ ಸಂಬಂಧವಿಲ್ಲ.

ಕೊಕ್ಕೆಗೆ ಅರ ಉಜ್ಜುವುದು

ನಿಜವಾದ "ಮಾಡಿಫಿಕೇಶನ್" ಅಂದರೆ ಇದೇ. ಸಾಮಾನ್ಯ ಪ್ಲಗ್‌ನಲ್ಲಿ ಕೊಕ್ಕೆ ನಡು ಎಲೆಕ್ಟ್ರೋಡನ್ನು ಪೂರ್ತಿ ಮುಚ್ಚಿಕೊಂಡಿರುತ್ತದೆ. ಅದರ ತುದಿಯನ್ನು ಸಣ್ಣ ಅರದಿಂದ ಹಿಂದಕ್ಕೆ ಉಜ್ಜಿ, ನಡು ಎಲೆಕ್ಟ್ರೋಡಿನ ಅರ್ಧದವರೆಗೆ ಮಾತ್ರ ಬರುವಂತೆ ಮಾಡುತ್ತಾರೆ. ಇದಕ್ಕೆ ಸೈಡ್ ಗ್ಯಾಪಿಂಗ್ ಅನ್ನುತ್ತಾರೆ. ರೇಸ್ ಎಂಜಿನ್‌ಗಳಲ್ಲಿ ಹಳೆಯ ಕಾಲದಿಂದ ಬಂದ ಪದ್ಧತಿ.

ಇದರ ಹಿಂದಿನ ಲೆಕ್ಕ ತಪ್ಪೇನಲ್ಲ. ಅಡ್ಡ ನಿಂತಿದ್ದ ಲೋಹ ಹೋಗಿದ್ದರಿಂದ ಬೆಂಕಿ ಹರಡಲು ದಾರಿ ತೆರೆಯುತ್ತದೆ. ಹೊಸದಾಗಿ ಕತ್ತರಿಸಿದ ಅಂಚು ಚೂಪಾಗಿರುವುದರಿಂದ ಕಿಡಿ ಸುಲಭವಾಗಿ ಹಾರುತ್ತದೆ. ಐಡಲ್‌ನಲ್ಲಿ, ಕಡಿಮೆ ಆರ್‌ಪಿಎಂನಲ್ಲಿ ಸ್ವಲ್ಪ ನಯ ಕಾಣಬಹುದು.

ತೊಂದರೆ ಆಮೇಲಿನದು. ಆ ಚೂಪು ಅಂಚೇ ಮೊದಲು ಸವೆಯುತ್ತದೆ. ಕಿಡಿಗೆ ಸಿಗುವ ಲೋಹ ಅರ್ಧ ಆಗಿದೆ, ಹಾಗಾಗಿ ಗ್ಯಾಪ್ ಬೇಗ ಬೆಳೆಯುತ್ತದೆ, ಲಾಭ ಹೊರಟುಹೋಗುತ್ತದೆ. ರೇಸ್‌ನವರಿಗೆ ಇದು ಸಮಸ್ಯೆಯಲ್ಲ. ಅವರು ಒಂದೆರಡು ಓಟಕ್ಕೆ ಪ್ಲಗ್ ಬಿಸಾಡುತ್ತಾರೆ. ದಿನಾ ಓಡಿಸುವ ಗಾಡಿಯಲ್ಲಿ ಯಾರು ಅಷ್ಟು ಸಲ ಬಿಚ್ಚುತ್ತಾರೆ? ಅರ ಉಜ್ಜಿದಾಗ ಉಳಿಯುವ ಮುಳ್ಳಿನಂಥ ಚೂರುಗಳು ಇನ್ನೊಂದು ಅಪಾಯ. ಒಳಗೆ ಅವು ಕೆಂಪಗೆ ಕಾದು, ಕಿಡಿ ಹಾರುವ ಮೊದಲೇ ಮಿಶ್ರಣ ಹೊತ್ತಿಸಬಹುದು. ಉದುರಿದ ಲೋಹದ ಪುಡಿ ಪಿಂಗಾಣಿಯ ಬುಡದಲ್ಲಿ ಕೂತರೆ ವಿದ್ಯುತ್ತು ಅದರ ಮೇಲೇ ಹರಿದುಹೋಗುತ್ತದೆ.

ಆದರೂ ಕೈ ಸುಮ್ಮನಿರಲ್ಲ ಅನ್ನುವವರು ಹೀಗೆ ಮಾಡಿ. ಹೊಸ ಅಗ್ಗದ ನಿಕಲ್ ಪ್ಲಗ್ ತಗೊಳ್ಳಿ. ಇರಿಡಿಯಂ, ಪ್ಲಾಟಿನಂ ಮುಟ್ಟಬೇಡಿ, ಕೊಕ್ಕೆಯ ಮೇಲಿನ ಬೆಲೆಬಾಳುವ ಚುಕ್ಕೆಯನ್ನೇ ಉಜ್ಜಿ ತೆಗೆದಂತಾಗುತ್ತದೆ. ಪಾನಾ ಕೂರುವ ಆರು ಮೂಲೆಯ ಭಾಗವನ್ನು ವೈಸ್‌ನಲ್ಲಿ ಹಿಡಿಸಿ, ಪಿಂಗಾಣಿಯನ್ನಲ್ಲ. ಕೊಕ್ಕೆ ಇರುವ ತುದಿ ಕೆಳಮುಖವಾಗಿರಲಿ, ಪುಡಿ ಕೆಳಗೆ ಬೀಳಲಿ. ನಡು ಎಲೆಕ್ಟ್ರೋಡಿನ ಮಧ್ಯಭಾಗ ದಾಟಿ ಉಜ್ಜಬೇಡಿ. ನಡು ಎಲೆಕ್ಟ್ರೋಡಿನ ಕಡೆಗಿನ ಅಂಚು, ಅಂದರೆ ಕಿಡಿ ಹಾರುವ ಅಂಚು ಚೂಪಾಗಿರಲಿ, ಉಳಿದ ಮೂಲೆಗಳ ಮುಳ್ಳು ತೆಗೆಯಿರಿ. ಗಾಳಿ ಹೊಡೆದು ಪುಡಿ ತೆಗೆದು, ಕೊನೆಗೆ ಗ್ಯಾಪ್ ಮತ್ತೆ ಅಳೆದು ಹೊಂದಿಸಿ.

ಕೊಕ್ಕೆಯಲ್ಲಿ ಗೆರೆ ಕೊರೆಯುವುದು, ತೂತು ಹಾಕುವುದು ಇದರ ದಾಯಾದಿಗಳು. ಇವನ್ನು ಕೈಯಲ್ಲಿ ಮಾಡುವ ಅಗತ್ಯ ಈಗ ನನಗಂತೂ ಕಾಣುತ್ತಿಲ್ಲ. ಡೆನ್ಸೊ ಕೊಕ್ಕೆಯಲ್ಲೇ "ಯು" ಆಕಾರದ ಗೆರೆ ಕೊಟ್ಟ ಪ್ಲಗ್ ಮಾರುತ್ತದೆ. ಎನ್‌ಜಿಕೆಯ ವಿ-ಪವರ್ ಪ್ಲಗ್‌ಗಳಲ್ಲಿ ನಡು ಎಲೆಕ್ಟ್ರೋಡಿಗೇ "ವಿ" ಗೆರೆ ಇದೆ. ಅಂಚಿನಿಂದ ಕಿಡಿ ಹಾರಿಸುವ ಅದೇ ಉಪಾಯ, ಕಾರ್ಖಾನೆಯ ಅಳತೆಯಲ್ಲಿ, ಸಾದಾ ಪ್ಲಗ್‌ಗಳ ಸಾಲಿನಲ್ಲೇ ಸಿಗುತ್ತದೆ. ಅರದ ಆಸೆ ಇರುವ ಬಹುಪಾಲು ಜನರಿಗೆ ಇದೇ ಸರಿಯಾದ ಉತ್ತರ ಅಂತ ನನ್ನ ಎಣಿಕೆ.

ಇಂಡೆಕ್ಸಿಂಗ್

ಪ್ಲಗ್ ಬಿಗಿಯಾದಾಗ ಕೊಕ್ಕೆ ಯಾವ ದಿಕ್ಕಿಗೆ ನಿಲ್ಲುತ್ತದೆ ಎನ್ನುವುದು ಥ್ರೆಡ್‌ನ ಅದೃಷ್ಟ. ಕೊಕ್ಕೆಯ ಬೆನ್ನು ಮಿಶ್ರಣಕ್ಕೆ ಅಡ್ಡ ನಿಲ್ಲದೆ, ತೆರೆದ ಬದಿ ಇಂಟೇಕ್ ವಾಲ್ವ್ ಅಥವಾ ಸಿಲಿಂಡರ್‌ನ ನಡುಭಾಗದ ಕಡೆ ಬರುವಂತೆ ಹೊಂದಿಸುವುದೇ ಇಂಡೆಕ್ಸಿಂಗ್. ಬಿಳಿ ಪಿಂಗಾಣಿಯ ಮೇಲೆ ತೆರೆದ ಬದಿಗೆ ಮಾರ್ಕರ್‌ನಿಂದ ಗೆರೆ ಎಳೆದು, ಬಿಗಿ ಮಾಡಿ ಗೆರೆ ಎಲ್ಲಿಗೆ ಬಂತು ನೋಡುತ್ತಾರೆ. ಬರದಿದ್ದರೆ ಬೇರೆ ಬೇರೆ ದಪ್ಪದ ವಾಷರ್ ಹಾಕುತ್ತಾರೆ, ಅಥವಾ ನಾಲ್ಕು ಸಿಲಿಂಡರ್ ಇದ್ದರೆ ಪ್ಲಗ್‌ಗಳನ್ನು ಅದಲು ಬದಲು ಮಾಡಿ ನೋಡುತ್ತಾರೆ.

ಲಾಭ ಶೇಕಡಾ ಒಂದು ಮುಟ್ಟಿದರೆ ಹೆಚ್ಚು, ಅದೂ ರೇಸ್ ಎಂಜಿನ್‌ನಲ್ಲಿ. ಹಾನಿ ಮಾತ್ರ ಏನೂ ಇಲ್ಲ, ಒಂದೇ ಷರತ್ತು. ಗೆರೆ ಸರಿ ಬರಲಿ ಅಂತ ಬಿಗಿ ಕಡಿಮೆ ಮಾಡಬಾರದು, ಜಾಸ್ತಿಯೂ ತಿರುವಬಾರದು. ಸಡಿಲವಾದ ಪ್ಲಗ್ ಶಾಖ ಹೊರಹಾಕಲಾರದು, ಜಾಸ್ತಿ ತಿರುವಿದರೆ ಅಲ್ಯೂಮಿನಿಯಂ ಹೆಡ್‌ನ ಥ್ರೆಡ್ ಕಿತ್ತುಬರುತ್ತದೆ. ಸಿಲಿಂಡರ್ ಒಳಗೇ ಪೆಟ್ರೋಲ್ ಚಿಮ್ಮಿಸುವ ಕೆಲವು ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಕೊಕ್ಕೆಯ ದಿಕ್ಕು ನಿಜಕ್ಕೂ ಮುಖ್ಯ. ಅಂಥ ಕಡೆ ಕಂಪನಿಯೇ ದಿಕ್ಕು ಹೊಂದುವಂತೆ ಥ್ರೆಡ್ ಕತ್ತರಿಸಿದ ಪ್ಲಗ್ ಕೊಡುತ್ತದೆ. ಬೇರೆ ಪ್ಲಗ್ ತಂದು ಹಾಕಿದರೆ ಇದ್ದದ್ದೂ ಹೋಗುತ್ತದೆ.

ಹೀಟ್ ರೇಂಜ್: ಆಟ ಆಡುವ ಜಾಗ ಅಲ್ಲ

"ಹಾಟ್ ಪ್ಲಗ್" ಅಂದರೆ ಬಿಸಿ ಕಿಡಿ ಅಂತ ತಿಳಿದವರು ಬಹಳ. ಕಿಡಿಗೂ ಇದಕ್ಕೂ ಸಂಬಂಧವಿಲ್ಲ. ಪ್ಲಗ್ ತನ್ನ ತುದಿಯ ಶಾಖವನ್ನು ಎಷ್ಟು ಬೇಗ ಹೆಡ್‌ಗೆ ದಾಟಿಸುತ್ತದೆ ಎನ್ನುವುದೇ ಹೀಟ್ ರೇಂಜ್. ಒಳಗಿನ ಪಿಂಗಾಣಿಯ ಮೂತಿ ಉದ್ದ ಇದ್ದರೆ ಶಾಖ ನಿಧಾನವಾಗಿ ಹೋಗುತ್ತದೆ, ಅದು ಹಾಟ್. ಮೂತಿ ಗಿಡ್ಡ ಇದ್ದರೆ ಕೋಲ್ಡ್.

ತುದಿ ಸುಮಾರು 450–500 ಡಿಗ್ರಿಗಿಂತ ಮೇಲಿದ್ದರೆ ಮಸಿ ತಾನಾಗಿಯೇ ಸುಟ್ಟುಹೋಗುತ್ತದೆ. 850 ಡಿಗ್ರಿ ದಾಟಿದರೆ ತುದಿಯೇ ಕೆಂಡವಾಗಿ, ಕಿಡಿಗೆ ಕಾಯದೆ ಮಿಶ್ರಣ ಹೊತ್ತಿಕೊಳ್ಳುತ್ತದೆ. ಇದಕ್ಕೆ ಪ್ರಿ-ಇಗ್ನಿಷನ್ ಅನ್ನುತ್ತಾರೆ, ಪಿಸ್ಟನ್ ತೂತಾಗುವುದು ಹೀಗೇ. ಒಂದು ನಂಬರ್ ಬದಲಿಸಿದರೆ ತುದಿಯ ಶಾಖ ಸುಮಾರು 70ರಿಂದ 100 ಡಿಗ್ರಿ ಬದಲಾಗುತ್ತದೆ. ಆಟಕ್ಕಿರುವ ಜಾಗ ಎಷ್ಟು ಕಡಿಮೆ ನೋಡಿ.

ಸಾದಾ ಎಂಜಿನ್‌ಗೆ ಕೋಲ್ಡ್ ಪ್ಲಗ್ ಹಾಕಿದರೆ ಶಕ್ತಿ ಏರುವುದಿಲ್ಲ. ಊರೊಳಗೆ ನಿಧಾನವಾಗಿ ಓಡಿಸಿದರೆ ಮಸಿ ಹಿಡಿದು ಸ್ಟಾರ್ಟ್ ಆಗಲು ತೊಂದರೆ ಕೊಡುತ್ತದೆ, ಅಷ್ಟೇ. ಹಾಟ್ ಪ್ಲಗ್‌ನಿಂದಲೂ ಶಕ್ತಿ ಬರುವುದಿಲ್ಲ. ಆಯಿಲ್ ಸುಡುವ ಹಳೆಯ ಎಂಜಿನ್‌ಗೆ ಕೆಲವರು ಒಂದು ನಂಬರ್ ಹಾಟ್ ಹಾಕಿ ತಾತ್ಕಾಲಿಕವಾಗಿ ಓಡಿಸುತ್ತಾರೆ. ಮೇಲಿನ ತೇಪೆ ಅದು. ರೋಗ ರಿಂಗ್‌ನಲ್ಲಿದೆ, ಅಥವಾ ವಾಲ್ವ್ ಸೀಲ್‌ನಲ್ಲಿದೆ.

ಕೋಲ್ಡ್ ಪ್ಲಗ್ ನಿಜಕ್ಕೂ ಬೇಕಾಗುವುದು ಒಳಗೆ ಶಾಖ ಹೆಚ್ಚಿಸಿದವರಿಗೆ. ಟರ್ಬೊ, ನೈಟ್ರಸ್ (ಶಕ್ತಿ ಏರಿಸಲು ಎಂಜಿನ್‌ಗೆ ಕೊಡುವ ಅನಿಲ), ಏರಿಸಿದ ಕಂಪ್ರೆಷನ್. ಕಾರ್ ಎಂಜಿನ್‌ಗೆ 75ರಿಂದ 100 ಅಶ್ವಶಕ್ತಿ ಸೇರಿಸಿದರೆ ಒಂದು ನಂಬರ್ ಕೋಲ್ಡ್ ಎನ್ನುವುದು ಟ್ಯೂನಿಂಗ್‌ನವರ ಒರಟು ಲೆಕ್ಕ. ಅನುಮಾನ ಇದ್ದರೆ ಕೋಲ್ಡ್ ಕಡೆಗೇ ವಾಲಿ. ಮಸಿ ಹಿಡಿದ ಪ್ಲಗ್ ಬದಲಿಸಬಹುದು, ಕರಗಿದ ಪಿಸ್ಟನ್‌ಗೆ ಎಂಜಿನ್ ಇಳಿಸಬೇಕು.

ನಂಬರ್ ಓದುವಾಗ ಹುಷಾರು. ಎನ್‌ಜಿಕೆ ಮತ್ತು ಡೆನ್ಸೊದಲ್ಲಿ ನಂಬರ್ ಏರಿದರೆ ಕೋಲ್ಡ್. ಬಾಷ್ ಮತ್ತು ಚಾಂಪಿಯನ್‌ನಲ್ಲಿ ನಂಬರ್ ಏರಿದರೆ ಹಾಟ್. ಒಂದೇ ಕಂಪನಿಯೊಳಗೆ ಲೆಕ್ಕ ಸುಲಭ. ಎನ್‌ಜಿಕೆಯ ಬಿಪಿಆರ್6ಇಎಸ್ ತಗೊಳ್ಳಿ. ಬಿ ಅಂದರೆ 14 ಮಿ.ಮೀ. ಥ್ರೆಡ್, ಪಿ ಅಂದರೆ ಹೊರಚಾಚಿದ ತುದಿ, ಆರ್ ಅಂದರೆ ರೆಸಿಸ್ಟರ್ (ಕಿಡಿಯ ವಿದ್ಯುತ್ ಗದ್ದಲ ತಗ್ಗಿಸುವ ಭಾಗ), 6 ಹೀಟ್ ರೇಂಜ್, ಇ ಅಂದರೆ 19 ಮಿ.ಮೀ. ಥ್ರೆಡ್ ಉದ್ದ. ಒಂದು ಮೆಟ್ಟಿಲು ಕೋಲ್ಡ್ ಬೇಕೆಂದರೆ ಬಿಪಿಆರ್7ಇಎಸ್. ಉಳಿದ ಯಾವ ಅಕ್ಷರವನ್ನೂ ಬದಲಿಸಬೇಡಿ. ಥ್ರೆಡ್ ಉದ್ದ ಜಾಸ್ತಿಯಾದರೆ ಪಿಸ್ಟನ್ನೇ ಬಂದು ಪ್ಲಗ್‌ಗೆ ಗುದ್ದಬಹುದು.

ಆ "ಆರ್" ಅಕ್ಷರದ ಬಗ್ಗೆಯೂ ಒಂದು ಮಾತು. ರೆಸಿಸ್ಟರ್ ಇಲ್ಲದ ಪ್ಲಗ್ ಹಾಕಿದರೆ ಕಿಡಿ ಜೋರಾಗುತ್ತದೆ ಎನ್ನುವ ಸಲಹೆ ಹಳೆಯ ಕಾರ್ಬುರೇಟರ್ ಕಾಲದ್ದು. ಇವತ್ತಿನ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಸೆನ್ಸರ್ ಇರುವ ಗಾಡಿಯಲ್ಲಿ ಆ ವಿದ್ಯುತ್ ಗದ್ದಲ ಸೆನ್ಸರ್‌ಗಳ ಲೆಕ್ಕ ತಪ್ಪಿಸುತ್ತದೆ. ಬೇಡವೇ ಬೇಡ.

ಯಾರಿಗೆ ಯಾವುದು

ದಿನಾ ಕೆಲಸಕ್ಕೆ ಓಡಿಸುವ ಚಿಕ್ಕ ಬೈಕು, ಕಡಿಮೆ ಬಜೆಟ್: ಅದೇ ನಂಬರಿನ ಹೊಸ ನಿಕಲ್, ಗ್ಯಾಪ್ ಪುಸ್ತಕದ ಮಿತಿಯೊಳಗೆ, ಜೊತೆಗೆ ಏರ್ ಫಿಲ್ಟರ್ ಶುಚಿ. ಪ್ಲಗ್ ಕ್ಯಾಪ್ ಹಳೆಯದಾಗಿದ್ದರೆ ಇರಿಡಿಯಂಗೆ ಇಟ್ಟ ಹಣದಲ್ಲಿ ಮೊದಲು ಅದನ್ನು ಬದಲಿಸಿ. ಪಿಕಪ್ ಬಿದ್ದುಹೋಗಿರುವುದಕ್ಕೆ ಕಾರಣ ಎಷ್ಟೋ ಸಲ ಇಷ್ಟರಲ್ಲೇ ಇರುತ್ತದೆ.

ಬೆಳಗಿನ ಚಳಿಗೆ ಸ್ಟಾರ್ಟ್ ತೊಂದರೆ ಕೊಡುವ, ಕಿಕ್ಕರ್ ಹೊಡೆದು ಸಾಕಾಗುವ ಹಳೆಯ ಗಾಡಿ: ಇಲ್ಲಿ ತೆಳು ತುದಿಯ ಇರಿಡಿಯಂ ತನ್ನ ಬೆಲೆಗೆ ನ್ಯಾಯ ಸಲ್ಲಿಸುತ್ತದೆ. ಬಡ ಕಾಯಿಲ್‌ನ ಕಡಿಮೆ ವೋಲ್ಟೇಜ್‌ನಲ್ಲೂ ಕಿಡಿ ಹಾರುತ್ತದೆ. ಆದರೆ ಎಂಜಿನ್ ಆಯಿಲ್ ಸುಡುತ್ತಿದ್ದರೆ ದುಬಾರಿ ಪ್ಲಗ್ ಹಾಕಬೇಡಿ. ಅದಕ್ಕೂ ಅದೇ ಮಸಿಯ ಗತಿ.

ಪ್ಲಗ್ ಆಳದಲ್ಲಿ ಅಡಗಿರುವ ಕಾರು: ಎರಡೂ ತುದಿಗೆ ಬೆಲೆಬಾಳುವ ಲೋಹ ಇರುವ ದೀರ್ಘ ಬಾಳಿಕೆಯ ಪ್ಲಗ್. ಇನ್ನೇನೂ ಯೋಚಿಸಬೇಡಿ.

ಟರ್ಬೊ ಒತ್ತಡ ಏರಿಸಿದ ಕಾರು: ಒಂದು ನಂಬರ್ ಕೋಲ್ಡ್, ಕಡಿಮೆ ಗ್ಯಾಪ್. ಲೋಹದ ವಿಷಯದಲ್ಲಿ ಎರಡು ದಾರಿ ಇವೆ. ಇರಿಡಿಯಂ ಹಾಕಿ ನೆಮ್ಮದಿಯಾಗಿರುವುದು ಒಂದು. ಅಗ್ಗದ ನಿಕಲ್ ಹಾಕಿ ಪದೇ ಪದೇ ಬದಲಿಸುವುದು ಇನ್ನೊಂದು. ಪ್ರತಿ ಸಲ ಬಿಚ್ಚಿದಾಗಲೂ ಪ್ಲಗ್ ಮುಖ ನೋಡಿ ಎಂಜಿನ್ ಒಳಗಿನ ಸ್ಥಿತಿ ತಿಳಿಯುತ್ತದೆ ಎನ್ನುವ ಕಾರಣಕ್ಕೆ ಟ್ಯೂನಿಂಗ್ ಇನ್ನೂ ನಡೆಯುತ್ತಿರುವವರಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ.

ಟ್ರ್ಯಾಕ್ ದಿನಗಳಿಗಾಗಿಯೇ ಇಟ್ಟ ಗಾಡಿ, ಕೈಯಲ್ಲಿ ಅರ, ಕೈತುಂಬ ಸಮಯ: ಸೈಡ್ ಗ್ಯಾಪಿಂಗ್, ಇಂಡೆಕ್ಸಿಂಗ್ ಎರಡನ್ನೂ ಮಾಡಿ ನೋಡಿ. ಎಲ್ಲ ಟ್ಯೂನಿಂಗ್ ಮುಗಿದ ಮೇಲೆ ಮಾಡಬೇಕಾದ ಕೆಲಸ ಇವು, ಶುರುವಿನದ್ದಲ್ಲ.

ತೀರ್ಮಾನಕ್ಕೆ ಮೊದಲು ಈಗಿರುವ ಪ್ಲಗ್ ಬಿಚ್ಚಿ ಅದರ ಮುಖ ನೋಡಿ. ತಿಳಿ ಕಂದು ಅಥವಾ ಬೂದು ಬಣ್ಣ ಇದ್ದು, ಅಂಚುಗಳು ಚೂಪಾಗಿದ್ದರೆ ಪ್ಲಗ್ ಚೆನ್ನಾಗಿದೆ, ಶಕ್ತಿ ಬೇರೆಲ್ಲೋ ಸೋರುತ್ತಿದೆ. ಒಣ ಕಪ್ಪು ಮಸಿ ಇದ್ದರೆ ಮಿಶ್ರಣ ರಿಚ್ (ಪೆಟ್ರೋಲ್ ಜಾಸ್ತಿ), ಅಥವಾ ಫಿಲ್ಟರ್ ಕಟ್ಟಿದೆ. ಒದ್ದೆ ಕಪ್ಪು ಜಿಡ್ಡು ಇದ್ದರೆ ಆಯಿಲ್ ಬರುತ್ತಿದೆ. ಬೆಳ್ಳಗೆ ಸುಟ್ಟು ಗುಳ್ಳೆ ಎದ್ದಿದ್ದರೆ ಎಂಜಿನ್ ಲೀನ್ ಓಡುತ್ತಿದೆ ಅಥವಾ ಪ್ಲಗ್ ಹಾಟ್ ಆಗಿದೆ. ಇದನ್ನು ನೋಡಿದ ಕೂಡಲೇ ಗಾಡಿ ನಿಲ್ಲಿಸಿ ಕಾರಣ ಹುಡುಕಿ.

ಯಾವುದನ್ನೇ ಆರಿಸಿದರೂ ಹಾಕುವ ಕ್ರಮ ಒಂದೇ. ಎಂಜಿನ್ ತಣ್ಣಗಿರಲಿ. ಬಿಚ್ಚುವ ಮೊದಲು ಸುತ್ತಲಿನ ಮಣ್ಣಿಗೆ ಗಾಳಿ ಹೊಡೆಯಿರಿ, ಇಲ್ಲದಿದ್ದರೆ ಅದು ಸಿಲಿಂಡರ್ ಒಳಗೇ ಬೀಳುತ್ತದೆ. ಮೊದಲ ಸುತ್ತುಗಳನ್ನು ಕೈಯಲ್ಲೇ ತಿರುವಿ, ತಡೆದರೆ ಬಲ ಹಾಕಬೇಡಿ, ಹೊರತೆಗೆದು ಮತ್ತೆ ಶುರು ಮಾಡಿ. ವಾಷರ್ ಇರುವ ಹೊಸ 14 ಮಿ.ಮೀ. ಪ್ಲಗ್ ಆದರೆ, ಕೈಯಲ್ಲಿ ಬಿಗಿಯಾದ ಮೇಲೆ ಪಾನಾದಲ್ಲಿ ಅರ್ಧ ಸುತ್ತು ಅಥವಾ ಅದಕ್ಕಿಂತ ಕೊಂಚ ಜಾಸ್ತಿ. ಟಾರ್ಕ್ ಪಾನಾ ಇದ್ದರೆ ಅಲ್ಯೂಮಿನಿಯಂ ಹೆಡ್‌ಗೆ 25–30 ನ್ಯೂಟನ್ ಮೀಟರ್. ಬೈಕುಗಳ 10 ಮಿ.ಮೀ. ಪ್ಲಗ್‌ಗೆ 10–12 ಸಾಕು. ಥ್ರೆಡ್‌ಗೆ ಗ್ರೀಸ್ ಸವರಬೇಡಿ, ಜಾರಿಕೆ ಹೆಚ್ಚಾಗಿ ಅಳತೆ ಮೀರಿ ಬಿಗಿಯಾಗುತ್ತದೆ. ಇನ್ನು ಕೈ ಜಾರಿ ಕೆಳಗೆ ಬಿದ್ದ ಪ್ಲಗ್ ಅದೆಷ್ಟೇ ಹೊಸದಿದ್ದರೂ ಪಕ್ಕಕ್ಕಿಡಿ. ಗ್ಯಾಪ್ ಸರಿಮಾಡಬಹುದು, ಒಳಗಿನ ಪಿಂಗಾಣಿಯ ಬಿರುಕು ಕಣ್ಣಿಗೆ ಕಾಣುವುದಿಲ್ಲ.